ಅರುಂಧತಿ ಕಂಡವರು

ಆಕಾಶ ತಿಳಿಯಾಗಿದ್ದ ದಿನ ಮನುಷ್ಯರು ತಿಳಿಯಾಗಿರುವುದಿಲ್ಲ, ಮನುಷ್ಯರು ತಿಳಿಯಾದ ದಿನ ಮೋಡ ಬರುತ್ತದೆ. ಬೊಂಬಾಯಿಯ ಮಾಟುಂಗದ ಚಾಳಿನಲ್ಲಿ ಮೂವತ್ತು ವರ್ಷ ಇದ್ದು ನಾನು ಕಲಿತ ಜ್ಯೋತಿಷ್ಯ ಇಷ್ಟೇ. ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಉಳಿದ ವಿದ್ಯೆಯೆಲ್ಲ ನಳ್ಳಿಯ ಎದುರು ಕೊಡಪಾನ ಹಿಡಿದು ನಿಂತು ಸಂಪಾದಿಸಿದ್ದು. ಹಾಗಾಗಿ ಇಲ್ಲಿ ಅಕ್ಷರ ತಪ್ಪಿದರೆ ಕ್ಷಮಿಸಿ. ಸುದ್ದಿ ತಪ್ಪಿದರೆ ಮಾತ್ರ ಹೇಳಿ, ಅದು ನನ್ನ ಮಾನದ ಪ್ರಶ್ನೆ.

ಆ ಮಾನ ಮೊದಲು ಹೋದದ್ದು ಎಲ್ಲಿ ಎಂದು ಹೇಳಿಬಿಡುತ್ತೇನೆ. ನನ್ನ ಮದುವೆ ಉಡುಪಿ ಕಡೆಯ ಒಂದು ಹಳ್ಳಿಯಲ್ಲಿ, ಹದಿಮೂರನೇ ವಯಸ್ಸಿಗೆ, ನಡುಮಧ್ಯಾಹ್ನ ಆಯಿತು. ಸಪ್ತಪದಿ ಮುಗಿದ ಮೇಲೆ ಪುರೋಹಿತರು ನಮ್ಮಿಬ್ಬರನ್ನು ಅಂಗಳಕ್ಕೆ ಕರೆದು, ಹಟ್ಟಿಯ ಮಾಡಿನ ಕಡೆ ಬೆರಳು ತೋರಿಸಿ, "ಅರುಂಧತಿ ಕಂಡಿತಾ ಮಗೂ?" ಎಂದು ಕೇಳಿದರು. ಉರಿಬಿಸಿಲು. ಮಾಡಿನ ಮೇಲೆ ಒಂದು ಕಾಗೆ ಕೂತಿತ್ತು. ನನಗೆ ಹಸಿವೆ. "ಕಂಡಿತು" ಎಂದೆ. ಪಕ್ಕದಲ್ಲಿದ್ದ ಮದುಮಗನನ್ನು ಯಾರೂ ಕೇಳಲಿಲ್ಲ, ಆದ್ದರಿಂದ ಅವರು ಸುಳ್ಳು ಹೇಳುವುದು ತಪ್ಪಿತು.

ಅದನ್ನೇ ಅವರು ಆಯುಷ್ಯವಿಡೀ ಬಂಡವಾಳ ಮಾಡಿಕೊಂಡರು. ನಮ್ಮವರು ಬೊಂಬಾಯಿಯ ಒಂದು ಹೋಟೆಲಿನಲ್ಲಿ ಅಡಿಗೆಯ ಯಜಮಾನಿಕೆ ಮಾಡುತ್ತಿದ್ದರು. ಚಾಳಿನಲ್ಲಿ ಎಲ್ಲರಿಗೂ ಅವರು ಭಟ್ಟರು. ನಸುಕಿಗೆ ಹೋಗಿ ಸಂಜೆ ಬರುವವರು. ಅವರು ಊಟಕ್ಕೆ ಕೂತಾಗ ನಾನು ಅನ್ನದ ಜೊತೆಗೆ ಚಾಳಿನ ಸಮಾಚಾರವನ್ನೂ ಬಡಿಸುತ್ತಿದ್ದೆ: ಯಾರ ಸೊಸೆ ತವರಿಗೆ ಹೋಗಿ ಎಷ್ಟು ತಿಂಗಳಾಯಿತು, ಯಾರ ಅಳಿಯನನ್ನು ಯಾರ ಜೊತೆ ದಾದರಿನಲ್ಲಿ ಕಂಡೆ. ಅವರು ಎಲ್ಲವನ್ನೂ ಚಪ್ಪರಿಸಿ ಕೇಳಿ, ಮಜ್ಜಿಗೆಗೆ ಕೈ ಒಡ್ಡುವಾಗ ಒಂದೇ ಮಾತು ಹೇಳುತ್ತಿದ್ದರು: "ಇದು ಕಂಡದ್ದೋ, ಅರುಂಧತಿ ಕಂಡದ್ದೋ?"

ಇಪ್ಪತ್ತೈದು ವರ್ಷ ಕೇಳಿದೆ. ಅಡಿಗೆ ಕೆಟ್ಟದು ಎಂದಿದ್ದರೆ ಸಹಿಸುತ್ತಿದ್ದೆ. ಸುದ್ದಿ ಹೇಳುವವಳಿಗೆ ಇರುವ ಮಾನವೇ "ಕಣ್ಣಾರೆ ಕಂಡೆ" ಎಂಬ ಮಾತಿನಲ್ಲಿ. ಹಾಗಾಗಿ ಸಾಯುವುದರೊಳಗೆ ಒಮ್ಮೆ ಆ ಅರುಂಧತಿಯನ್ನು ನಿಜವಾಗಿ ನೋಡಬೇಕು, ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಇವರ ಮುಖಕ್ಕೆ ಹೇಳಬೇಕು ಎಂದು ಹಟ ಹಿಡಿದೆ.

ದೇವರೇ ಕಳಿಸಿದ ಹಾಗೆ ಮೂರನೇ ಮಾಳಿಗೆಗೆ ಧಾರವಾಡದ ಭೂಗೋಳದ ಮಾಸ್ತರರು ಬಂದರು. ನಲವತ್ತು ದಾಟಿದ ಬ್ರಹ್ಮಚಾರಿ. ಸಾಮಾನು ಹೊತ್ತು ತಂದ ದಿನವೇ ನಾನು ಲೆಕ್ಕ ಹಿಡಿದಿದ್ದೆ: ಎರಡು ಪಾತ್ರೆ, ಒಂದು ಹಾಸಿಗೆ, ಮೂರು ಕಾಲಿನ ಮೇಲೆ ನಿಲ್ಲುವ ಒಂದು ಹಿತ್ತಾಳೆಯ ದುರ್ಬೀನು. ಹಳೆಯ ಸಾಮಾನಿನ ಬಜಾರಿನಲ್ಲಿ ಸಿಕ್ಕಿದ್ದಂತೆ. ತುದಿಯ ಗಾಜಿಗೆ ಒಂದು ಹಿತ್ತಾಳೆ ಮುಚ್ಚಳ. ಧೂಳು ಬಿದ್ದೀತು ಎಂದು ಮಾಸ್ತರರು ಅದನ್ನು ಹಾಲಿನ ಪಾತ್ರೆ ಮುಚ್ಚುವ ಹಾಗೆ ಗಳಿಗೆಗೊಮ್ಮೆ ಮುಚ್ಚುತ್ತಿದ್ದರು.

ನನ್ನ ಸಂಕಟ ಕೇಳಿ ಅವರೆಂದರು: "ಸಪ್ತರ್ಷಿಯೊಳಗ ಆರನೇದಾಂವ ವಸಿಷ್ಠ ಅದಾನ್ರಿ ಅಕ್ಕಾವ್ರ. ಅವನ ಮಗ್ಗಲಕ ಸಣ್ಣಾಕಿ, ಆಕೀನ ಅರುಂಧತಿ. ಬರೇ ಕಣ್ಣಿಗೆ ಎಳೇ ಕಣ್ಣಿನವರಿಗೆ ಅಷ್ಟ ಕಾಣತಾಳ. ದುರ್ಬೀನಿನ್ಯಾಗ ಯಾರಿಗೂ ಕಾಣತಾಳ. ಆದ್ರ ಮಳಿಗಾಲ ಬರೂದ್ರಾಗ ನೋಡಿಬಿಡ್ರಿ. ಮೋಡ ಹೋಗೂದ್ರಾಗ ಸಪ್ತರ್ಷಿ ಸಂಜೀ ಆಕಾಶದಾಗ ಇರಂಗಿಲ್ಲ."

ಶಿವರಾತ್ರಿಯ ಹೊತ್ತು ಅದು. ಮಳೆಗೆ ಮೂರು ತಿಂಗಳ ಮೇಲೆ ಇತ್ತು. ಮೂರು ತಿಂಗಳಲ್ಲಿ ಒಂದು ಚುಕ್ಕೆ ನೋಡಲಿಕ್ಕಾಗದೇ ಎಂದುಕೊಂಡೆ.

೧. ಮಡಿ ಸೀರೆ

ಚಾಳಿನ ತಾರಸಿಗೆ ನಾವು ಗಚ್ಚಿ ಎನ್ನುತ್ತಿದ್ದೆವು. ಮೊದಲ ದಿನ ಊಟ ಬೇಗ ಮುಗಿಸಿ ನಾನು, ನಮ್ಮವರು, ಮಾಸ್ತರರು ಗಚ್ಚಿಗೆ ಹೋದೆವು. ಆಕಾಶ ತೊಳೆದಿಟ್ಟ ಹರಿವಾಣದ ಹಾಗಿತ್ತು. ಆದರೆ ಸಪ್ತರ್ಷಿಗಳು ಏಳುವ ದಿಕ್ಕಿಗೆ ಸರಿಯಾಗಿ, ನೀರಿನ ಟಾಂಕಿಯಿಂದ ಮೆಟ್ಟಿಲ ಕೋಣೆಯವರೆಗೆ, ಒಂಬತ್ತು ಗಜದ ಒಂದು ಸೀರೆ ಒಣಗುತ್ತಿತ್ತು.

ಅದು ಮಡಿ ಅಜ್ಜಿಯ ಸೀರೆ. ಮಡಿ ಅಜ್ಜಿ ಎಂದರೆ ನಮ್ಮ ಮಾಳಿಗೆಯ ಕೊನೆಯ ಖೋಲಿಯವರು. ಅವರ ಮಡಿ ಎಷ್ಟೆಂದರೆ ದೇವರೂ ಸ್ನಾನ ಮಾಡಿಯೇ ಅವರ ಕೋಣೆಗೆ ಬರಬೇಕು. ಒಣಗಿದ ಸೀರೆಗೆ ನಮ್ಮಂಥವರ ಕೈ ತಗುಲಿದರೆ ಮೂರು ದಿನ ಚಾಳಿಗೆ ಚಾಳೇ ಬೈಗಳು ತಿನ್ನಬೇಕು. ಸೀರೆಯ ಆಚೆ ಹೋಗೋಣವೆಂದರೆ ಅಲ್ಲಿ ಒಡೆದ ಹೆಂಚಿನ ರಾಶಿ, ಕಾಲಿಡಲು ಜಾಗವಿಲ್ಲ.

ಯಾರಾದರೂ ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಸರಿಸಬಹುದು ಎಂದೆ. ಮೀಯಲು ನೀರೆಲ್ಲಿ? ನಮ್ಮ ನಳ್ಳಿಗೆ ನೀರು ಬರುತ್ತಿದ್ದುದು ನಸುಕಿಗೆ. ಅಜ್ಜಿಯನ್ನೇ ಕರೆಯೋಣವೆಂದರೆ ಅವರು ಹರಿಕಥೆಗೆ ಹೋಗಿದ್ದರು. ಮಾಸ್ತರರು ಗಾಳಿ ಬೀಸಲಿ ಎಂದು ಕಾದರು. ಒಮ್ಮೆ ಬೀಸಿದಾಗ ಸೆರಗಿನ ಅಂಚಿನಲ್ಲಿ ಮೂವರು ಋಷಿಗಳು ಇಣುಕಿ ಹೋದರಂತೆ, ಆದರೆ ಆ ಮೂವರಲ್ಲಿ ವಸಿಷ್ಠನಿರಲಿಲ್ಲ.

"ಋಷಿಗಳೆಲ್ಲ ಮಡಿಯಲ್ಲಿದ್ದಾರೆ ಮಾರಾಯ್ತಿ, ಮುಟ್ಟಬೇಡ" ಎಂದು ನಮ್ಮವರು ಚಾಪೆ ಸುತ್ತಿಕೊಂಡು ಇಳಿದರು.

ಮರುದಿನ ನಳ್ಳಿಯ ಹತ್ತಿರ ಅಜ್ಜಿಯೊಡನೆ ಜಗಳಕ್ಕೇ ನಿಂತೆ. ಅಜ್ಜಿ ಕೊಡಪಾನ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅದು ಮಡಿಯದ್ದು ಎಂದು ನಿನಗೆ ಯಾರು ಹೇಳಿದ್ದು? ಗೋದಡಿ ಹೊಲಿಯಲಿಕ್ಕೆ ಹಳೇ ಸೀರೆ ತೊಳೆದು ಹಾಕಿದ್ದು. ನಿನ್ನೆ ಸಂಜೆ ಹೋಟೆಲಿನಿಂದ ಬಂದ ನಿನ್ನ ಗಂಡ ಗಾಳಿಗೆಂದು ಮೇಲೆ ಬಂದವನು ಅದರಲ್ಲೇ ಮುಖ ಒರೆಸಿಕೊಂಡು ಹೋದ."

೨. ಭಟ್ಟಿ ಎಲ್ಲಿದೆ

ಆಗ ಬೊಂಬಾಯಿಯಲ್ಲಿ ದಾರುಬಂದಿ. ಕುಡಿಯುವವರು ಕುಡಿಯುತ್ತಲೇ ಇದ್ದರು, ಆದರೆ ಕದ್ದು. ಯಾವ ಗಚ್ಚಿಯಲ್ಲಿ ಭಟ್ಟಿ ಇಟ್ಟು ಕಳ್ಳ ಸಾರಾಯಿ ಇಳಿಸುತ್ತಾರೆ ಎಂದು ಪೊಲೀಸರು ಮೂಸಿ ಮೂಸಿ ತಿರುಗುತ್ತಿದ್ದರು.

ಇದರಲ್ಲಿ ನನ್ನ ತಪ್ಪು ಬಹಳ ಸಣ್ಣದು. ಬಜಾರಿನಲ್ಲಿ ಸೊಪ್ಪು ಮಾರುವವಳಿಗೆ ನನ್ನ ಮುರುಕು ಮರಾಠಿಯಲ್ಲಿ ಹೇಳಿದ್ದೆ: ನಮ್ಮ ಗಚ್ಚಿಯಲ್ಲಿ ಮಾಸ್ತರರು ಹಿತ್ತಾಳೆಯ ನಳಿಗೆ ಇಟ್ಟಿದ್ದಾರೆ, ರಾತ್ರಿ ನಾವು ಮೂವರು ಸೇರುತ್ತೇವೆ, ಒಮ್ಮೆ ಅದಕ್ಕೆ ಮುಖ ಕೊಟ್ಟರೆ ಸಾಕು, ಹಗಲು ಕಾಣದ ನಕ್ಷತ್ರವೆಲ್ಲ ಕಾಣುತ್ತದೆ. ಇದರಲ್ಲಿ ಒಂದಾದರೂ ಸುಳ್ಳಿದೆಯೇ?

ಹೋಳಿ ಹುಣ್ಣಿಮೆಯ ಸಂಜೆ ಮಾಸ್ತರರು ದುರ್ಬೀನು ನಿಲ್ಲಿಸಿ, ಇನ್ನು ಅರ್ಧ ಗಂಟೆ ಎಂದಿದ್ದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ದೊಡ್ಡ ಮೀಸೆಯ ಹವಾಲ್ದಾರ ಬಂದು, ಕೋಲನ್ನು ನೆಲಕ್ಕೆ ಕುಟ್ಟಿ ಮರಾಠಿಯಲ್ಲಿ ಗರ್ಜಿಸಿದ: "ಭಟ್ಟಿ ಕುಠೇ ಆಹೇ?" ಅಂದರೆ ಭಟ್ಟಿ ಎಲ್ಲಿದೆ ಎಂದು.

ನನಗೂ ನಮ್ಮವರಿಗೂ ಕೇಳಿಸಿದ್ದು ಭಟ್ಟ ಎಲ್ಲಿ ಎಂದು. ಹೋಟೆಲಿನಿಂದ ಏನೋ ತುರ್ತು ಕರೆ ಬಂದಿರಬೇಕು ಎಂದುಕೊಂಡು ನಮ್ಮವರು ಹೆಗಲ ಬೈರಾಸು ಸರಿಮಾಡಿಕೊಂಡು ಮುಂದೆ ಬಂದರು. "ಮೀಚ ಭಟ್" ಎಂದರು, ನಾನೇ ಎಂದು. ಹವಾಲ್ದಾರ ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷದ ನೌಕರಿಯಲ್ಲಿ ಕೇಳಿದ ಕೂಡಲೇ ಒಪ್ಪಿಕೊಂಡ ಕಳ್ಳಭಟ್ಟಿಯವನನ್ನು ಅವನು ಕಂಡಿರಲಿಕ್ಕಿಲ್ಲ.

ಮಾಸ್ತರರು ಹಿಂದಿಯಲ್ಲಿ ಎಷ್ಟೋ ವಿವರಿಸಿದರು. ಹವಾಲ್ದಾರ ನಂಬದೆ ದುರ್ಬೀನಿನ ಮುಚ್ಚಳ ತೆಗೆದು, ಮೂಗಿಟ್ಟು, ಉದ್ದಕ್ಕೂ ಮೂಸಿದ. ವಾಸನೆ ಇಲ್ಲ. ಕೊನೆಗೆ ಮಾಸ್ತರರೇ ಅವನ ಕುತ್ತಿಗೆ ಹಿಡಿದ ಹಾಗೆ ಬಗ್ಗಿಸಿ ಕಣ್ಣಿಡಿಸಿದರು. ಒಳಗೆ ಹುಣ್ಣಿಮೆಯ ಚಂದ್ರ, ರೊಟ್ಟಿಯ ಹಾಗೆ ಗುಳಿಗುಳಿಯಾಗಿ.

ಅಲ್ಲಿಗೆ ನಮ್ಮ ಅರುಂಧತಿಯ ಕಥೆ ಮುಗಿಯಿತು. ಹವಾಲ್ದಾರ ಟೊಪ್ಪಿ ತೆಗೆದು ಸ್ಟೂಲಿನ ಮೇಲೆ ಕೂತವನು ಏಳಲಿಲ್ಲ. ಕೆಳಗೆ ಕಾವಲು ನಿಂತ ಪೇದೆಯನ್ನೂ ಕರೆಸಿ ತೋರಿಸಿದ. ಉತ್ತರಕ್ಕೆ ತಿರುಗಿಸಿ ಎಂದು ಸರಕಾರಕ್ಕೆ ಹೇಳುವ ಧೈರ್ಯ ಯಾರಿಗೆ? ಮಾಸ್ತರರು ಆಕಳಿಸಿದರು, ನಮ್ಮವರು ಗೋಡೆಗೆ ಒರಗಿ ಗೊರಕೆ ಹೊಡೆದರು.

ಹೋಗುವಾಗ ಹವಾಲ್ದಾರ ಮೆಟ್ಟಿಲಲ್ಲಿ ನಿಂತು ನಮ್ಮವರ ಬೆನ್ನು ತಟ್ಟಿ, ಎಲ್ಲ ಮಾಳಿಗೆಗೂ ಕೇಳುವ ಹಾಗೆ, ಭಟ್, ನಿನ್ನ ಮಾಲು ಬಹಳ ಒಳ್ಳೆಯದು, ನಾಳೆ ಪುನಃ ಬರುತ್ತೇನೆ ಎಂದು ಹೇಳಿದ. ಬೆಳಗಾಗುವುದರೊಳಗೆ ನಮ್ಮ ಮನೆಯಲ್ಲಿ ಸಾರಾಯಿ ಸಿಗುತ್ತದೆ ಎಂದು ಚಾಳಿಗೆಲ್ಲ ಗೊತ್ತಾಗಿತ್ತು. ನನಗೆ ದುಃಖವಾದದ್ದು ಅದಕ್ಕಲ್ಲ. ಅಷ್ಟು ದೊಡ್ಡ ಸುದ್ದಿ ನನ್ನ ಸಹಾಯವಿಲ್ಲದೆ ಹರಡಿತಲ್ಲ, ಅದಕ್ಕೆ.

೩. ತಲೆಕೆಳಗಿನ ಸಂಸಾರ

ಆ ದುರ್ಬೀನಿಗೆ ಒಂದು ದೋಷವಿತ್ತು. ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ನಕ್ಷತ್ರಕ್ಕೆ ತಲೆ ಯಾವುದು ಕಾಲು ಯಾವುದು, ಅದಕ್ಕೇನು ಆಗಬೇಕು ಎಂದು ಮಾಸ್ತರರು ಅದನ್ನು ದೋಷವೆಂದೇ ಎಣಿಸುತ್ತಿರಲಿಲ್ಲ.

ಒಂದು ಸಂಜೆ ನಾನೊಬ್ಬಳೇ ಹೋದೆ. ಮಾಸ್ತರರು ಎಲ್ಲ ಸರಿಯಾಗಿ ಹೂಡಿಟ್ಟು, ಇನ್ನೇನು ಕತ್ತಲಾಗುತ್ತದೆ, ಕೈ ಹಚ್ಚಬೇಡಿ ಎಂದು ಹೇಳಿ ಕೆಳಗೆ ಹಾಲು ಉಕ್ಕಿತೇನೋ ನೋಡಲು ಓಡಿದರು. ನಾನು ಕೈ ಹಚ್ಚಲಿಲ್ಲ. ಮೊಣಕೈ ಹತ್ತಿತು. ನಳಿಗೆ ಮೂಗು ಬಗ್ಗಿಸಿತು. ಕಣ್ಣಿಟ್ಟು ನೋಡಿದರೆ ಒಳಗೆ ಎದುರು ಬಿಲ್ಡಿಂಗಿನ ಎರಡನೇ ಮಾಳಿಗೆಯ ಕಿಟಕಿ.

ಅಲ್ಲಿದ್ದವರು ಯಾವುದೋ ಆಫೀಸಿನ ಹೆಡ್ ಕ್ಲಾರ್ಕು. ಆಫೀಸಿನಲ್ಲಿ ಹುಲಿ, ಬೀದಿಯಲ್ಲಿ ಕರಡಿ, ಹೆಂಡತಿ ಬಾಯಿ ತೆರೆಯುವ ಹಾಗಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಈಗ ನೋಡಿದರೆ ಹೆಂಡತಿ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದಾಳೆ, ಹುಲಿ ನೆಲದಲ್ಲಿ ಕೂತು ಚಪಾತಿಗೆ ಹಿಟ್ಟು ನಾದುತ್ತಿದೆ. ಇಬ್ಬರೂ ಬಾವಲಿಯ ಹಾಗೆ ಮೇಲಿನಿಂದ ಜೋತು ಬಿದ್ದಿದ್ದಾರೆ, ಹಿಟ್ಟಿನ ತಟ್ಟೆಯೂ ಬೀಳದೆ ನಿಂತಿದೆ. ನಡುವೆ ಹೆಂಡತಿ ಪೇಪರು ಸರಿಸಿ ಏನೋ ಹೇಳಿದಳು. ಹುಲಿ ಇನ್ನಷ್ಟು ನೀರು ಹಾಕಿತು.

ಮಾಸ್ತರರು ಬಂದು, "ಹೆಂಗರಿ, ಕಾಣತಾಳೇನು?" ಎಂದು ಕೇಳಿದರು. ಕಾಣುತ್ತಾಳೆ, ಈಗ ತಾನೇ ಪುಟ ತಿರುಗಿಸಿದಳು ಎಂದೆ. ಅವರು ನಳಿಗೆಯನ್ನು ಮೇಲೆತ್ತಲು ಬಂದರೆ ನಾನು ಬಿಡಲಿಲ್ಲ. ಅರುಂಧತಿ ನಾಳೆಯೂ ಇರುತ್ತಾಳೆ. ಈ ಭಾಗ್ಯ ನಾಳೆ ಇರುತ್ತದೋ ಇಲ್ಲವೋ. ಹದಿನಾಲ್ಕು ಚಪಾತಿ ಲಟ್ಟಿಸಿ ಮುಗಿಸಿ ಅವರು ಕಿಟಕಿ ಹಾಕಿದ ಕೂಡಲೇ ಬೇಸತ್ತಿದ್ದ ಮಾಸ್ತರರು ಮುಚ್ಚಳ ಹಾಕಿಬಿಟ್ಟರು.

ಇಷ್ಟು ಅಪ್ಪಟ ಸತ್ಯವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಊಟಕ್ಕೆ ಬಡಿಸುವಾಗ ಇದ್ದದ್ದು ಇದ್ದ ಹಾಗೆ ಹೇಳಿದೆ. ತಲೆ ಕೆಳಗೆ, ಕಾಲು ಮೇಲೆ, ಹಿಟ್ಟು ನಾದುತ್ತಿದ್ದರು ಎಂದು.

ನಮ್ಮವರು ತುತ್ತನ್ನು ಅರ್ಧಕ್ಕೆ ನಿಲ್ಲಿಸಿದರು. "ಇದು ಅರುಂಧತಿಯಲ್ಲ ಮಾರಾಯ್ತಿ," ಎಂದರು, "ಅರುಂಧತಿಯ ಅಜ್ಜಿ."

೪. ರೋಹಿಣಿ

ಯುಗಾದಿ ಕಳೆದು ನಾಲ್ಕೈದು ದಿನವಾಗಿರಬೇಕು. ನಮ್ಮವರಿಗೆ ಅವತ್ತು ರಜೆ, ಮೆಟ್ಟಿಲ ಮೇಲೆ ಮಾಸ್ತರರು ಅವರೊಡನೆ ಮಾತಾಡುತ್ತಿದ್ದರು. ನಾನು ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದೆ. ಬಾಗಿಲ ಹಿಂದೆ ಬೆಳಕು ಕಡಿಮೆ, ಆದರೆ ಅಕ್ಕಿ ಅಲ್ಲೇ ಚೆನ್ನಾಗಿ ಆರಿಸಲಿಕ್ಕಾಗುತ್ತದೆ.

ಮಾಸ್ತರರು ಹೇಳಿದ್ದು ಇದು: "ನಿನ್ನಿ ಸಂಜೀಕ ಗಚ್ಚಿ ಮ್ಯಾಲಿಂದ ರೋಹಿಣೀನ್ನ ನೋಡಿದ್ನಿ ಭಟ್ಟರ. ಕೆಂಪಗ, ಏನ ಚಂದ ಕಾಣತಿದ್ಲು. ಚಂದ್ರ ಆಕೀ ಮಗ್ಗಲದಾಗ ಇದ್ದ. ಮುಟ್ಟಿಯೇ ಬಿಟ್ಟಾನೇನೋ ಅನ್ನೂವಷ್ಟು ಹತ್ತರ."

ರೋಹಿಣಿ ಎಂದರೆ ಎರಡನೇ ಮಾಳಿಗೆಯ ಹುಡುಗಿ, ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಟೈಪಿಸ್ಟು, ಕೆಂಪಗೆ ಲಕ್ಷಣವಾಗಿದ್ದಳು. ಚಂದ್ರ ಎಂದರೆ ಕೆಳಮಾಳಿಗೆಯ ಹುಡುಗ, ಬ್ಯಾಂಕಿನಲ್ಲಿ ಕೆಲಸ. ನನ್ನ ಕೈಯಿಂದ ಮೊರ ಜಾರಿತು. ಚಾಡಿ ಹೇಳುವ ಚಟ ನನಗಿಲ್ಲ. ಆದರೆ ಹೆಣ್ಣು ಹೆತ್ತವರಿಗೆ ತಿಳಿಸುವುದು ಧರ್ಮ. ಅಕ್ಕಿ ಅಲ್ಲಿಗೇ ಬಿಟ್ಟು ಎರಡನೇ ಮಾಳಿಗೆಗೆ ಹೋಗಿ ರೋಹಿಣಿಯ ಅಮ್ಮನ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. ಎಷ್ಟು ಮೆಲ್ಲಗೆಂದರೆ ಆಚೀಚೆಯ ನಾಲ್ಕು ಖೋಲಿಯವರಷ್ಟೇ ಕೇಳಿಸಿಕೊಂಡರು.

ಸಂಜೆ ಮಾಸ್ತರರು ನನಗೆಂದೇ ದುರ್ಬೀನು ಹೂಡಿ ಕಾದಿದ್ದರು. ನನ್ನ ಹಿಂದೆ ಅರ್ಧ ಚಾಳು ಗಚ್ಚಿಗೆ ಬಂತು. ರೋಹಿಣಿಯ ಅಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ನಿಂತು, ಮದುವೆಯಾಗದ ಗಂಡಸು ನಳಿಗೆ ಇಟ್ಟು ನನ್ನ ಮಗಳನ್ನು ನೋಡುವುದೆಂದರೇನು, ನೋಡಿದ್ದು ಸಾಲದೆಂದು ಅವಳ ಪಕ್ಕದಲ್ಲಿ ಯಾರಿದ್ದರು ಎಂದು ಊರಿಗೆಲ್ಲ ಹೇಳುವುದೆಂದರೇನು ಎಂದು ಶುರು ಮಾಡಿದರು.

ಮಾಸ್ತರರು ದುರ್ಬೀನು ಬಿಟ್ಟು ಮುಂದೆ ಬಂದರು. ಆಮೇಲೆ ಪಡುವಣದ ಕಡೆ ಕೈ ತೋರಿಸಿದರು. "ಬಾಯಾರ, ಅಲ್ಲಿ ನೋಡ್ರಿ. ಆ ಕೆಂಪು ಚಿಕ್ಕಿ ಐತಲ್ಲ, ಅದು ರೋಹಿಣಿ ನಕ್ಷತ್ರ. ಅದರ ಮ್ಯಾಲೆ ಇರಾಂವ ಚಂದ್ರ. ಆಕಾಶದಾಗಿನ ಚಂದ್ರ."

ಎಲ್ಲರೂ ಕತ್ತೆತ್ತಿ ನೋಡಿದರು. ಆಮೇಲೆ ಕತ್ತಿಳಿಸಿ ನನ್ನನ್ನು ನೋಡಿದರು. ಒಬ್ಬಳು ಕಿಸಕ್ಕೆಂದಳು, ಮತ್ತೊಬ್ಬಳು ಸೆರಗು ಬಾಯಿಗೊತ್ತಿದಳು. ರೋಹಿಣಿಯ ಅಮ್ಮ ಮಾಸ್ತರರಿಗೆ ಕೈ ಮುಗಿದು ತಪ್ಪಾಯಿತು ಎನ್ನುತ್ತಿದ್ದರು. ನಮ್ಮವರು ಮೂಲೆಯಲ್ಲಿ ನಿಂತು, ನಾಳೆಯ ಮಜ್ಜಿಗೆಯ ಹೊತ್ತಿಗೆ ಮಾತನ್ನು ಮಸೆಯುತ್ತಿದ್ದರು. ಭೂಮಿ ಬಾಯಿ ಬಿಟ್ಟರೆ ಸೀದಾ ಕೆಳಮಾಳಿಗೆಗೆ ಇಳಿದುಬಿಡುತ್ತಿದ್ದೆ.

ಆಗ ನೀರಿನ ಟಾಂಕಿಯ ಹಿಂದೆ ಯಾರೋ ಸೀನಿದರು.

ಮೊದಲು ಚಂದ್ರ ಬಂದ, ಅವನ ಹಿಂದೆ ರೋಹಿಣಿ. ಕೆಳಗಿನಿಂದ ಗಲಾಟೆ ಹತ್ತಿ ಬಂದಾಗ ಇಳಿಯಲು ದಾರಿ ಸಿಗದೆ ಅಲ್ಲೇ ಅಡಗಿದ್ದರು. ತಮ್ಮ ಹೆಸರು ಹಿಡಿದು ಇಷ್ಟು ಮಾತು ಕೇಳಿದ ಮೇಲೆ ಎಲ್ಲ ಗೊತ್ತಾಗಿದೆ ಎಂದೇ ತಿಳಿದು, ಇಬ್ಬರೂ ನೇರವಾಗಿ ರೋಹಿಣಿಯ ಅಮ್ಮನ ಕಾಲಿಗೆ ಬಿದ್ದರು. "ನಾವೇ ಹೇಳಬೇಕು ಅಂತಿದ್ದೆವಮ್ಮ" ಎಂದಳು ಹುಡುಗಿ.

ಆ ರಾತ್ರಿ ಯಾರೂ ಆಕಾಶ ನೋಡಲಿಲ್ಲ. ಇಬ್ಬರೂ ನಮ್ಮ ಕಡೆಯವರೇ, ಗೋತ್ರವೂ ಬೇರೆ. ವಾರದೊಳಗೆ ಮಾತುಕತೆ ಮುಗಿದು ವೈಶಾಖದ ಕೊನೆಗೆ ಲಗ್ನ ನಿಶ್ಚಯವಾಯಿತು. ಸುದ್ದಿ ಸುಳ್ಳೇ ಇರಬಹುದು, ಹೇಳುವವರು ಹೇಳಿದರೆ ನಿಜವಾಗುತ್ತದೆ.

೫. ನಲವತ್ತು ಸಾಕ್ಷಿ

ಗೋಧೂಳಿ ಲಗ್ನ. ಚಾಳಿನ ಅಂಗಳದಲ್ಲೇ ಚಪ್ಪರ. ಅದನ್ನು ಕೇಳಿದ ಕೂಡಲೇ ನನಗೆ ಹೊಳೆಯಿತು: ಸಪ್ತಪದಿ ಮುಗಿಯುವಾಗ ಕತ್ತಲಾಗಿರುತ್ತದೆ, ಕತ್ತಲಾದರೆ ಅರುಂಧತಿ ನಿಜವಾಗಿಯೂ ಆಕಾಶದಲ್ಲಿರುತ್ತಾಳೆ. ಈ ಮದುವೆಯಲ್ಲಾದರೂ ಹೆಣ್ಣು ಸುಳ್ಳು ಹೇಳುವುದು ಬೇಡ ಎಂದು ಎರಡೂ ಕಡೆಯವರನ್ನು ಒಪ್ಪಿಸಿ, ಗಚ್ಚಿಯಲ್ಲಿ ದುರ್ಬೀನು ಇಡಿಸಿದೆ. ಮಳೆ ಇಂದೋ ನಾಳೆಯೋ ಎನ್ನುವ ಹಾಗಿತ್ತು. ಇದು ತಪ್ಪಿದರೆ ನನಗೆ ಮುಂದಿನ ವರ್ಷ.

ಪುರೋಹಿತರು ಮುಖ ಗಂಟಿಕ್ಕಿದರು. ನಲವತ್ತು ವರ್ಷ ಈ ಬೆರಳಿನಲ್ಲಿ ತೋರಿಸಿದ್ದೇನೆ, ಒಬ್ಬಳಾದರೂ ಕಾಣಲಿಲ್ಲ ಎಂದಿಲ್ಲ ಎಂದರು. ನನಗೆ ಸಂಶಯ ಬಂದದ್ದೇ ಅದರಿಂದ ಎಂದೆ.

ಕತ್ತಲಾಗುತ್ತಲೇ ಮಾಸ್ತರರು ನೋಡಿ ಕೂಗಿದರು, "ವಸಿಷ್ಠ ಅರುಂಧತಿ ಇಬ್ಬರೂ ಜೋಡೀಲೆ ಕುಂತಾರ್ರಿ ಅಕ್ಕಾವ್ರ. ಯಾರೂ ಬರೂದ್ರಾಗ ನೀವೊಮ್ಮೆ ನೋಡಿಬಿಡ್ರಿ."

ಇಲ್ಲಿ ನನ್ನ ಹಟ ಅಡ್ಡ ಬಂತು. ನಮ್ಮವರು ಕೆಳಗೆ ಮದುವೆಯ ಅಡಿಗೆಯಲ್ಲಿದ್ದರು. ಅವರ ಬೆನ್ನ ಹಿಂದೆ ನೋಡಿ ಏನು ಪ್ರಯೋಜನ? ಅವರು ಬರಲಿ, ಅವರ ಎದುರೇ ನೋಡುತ್ತೇನೆ ಎಂದೆ.

ಮದುಮಕ್ಕಳು ಮೇಲೆ ಬಂದರು, ಹಿಂದೆ ದಿಬ್ಬಣ. ಹೆಂಗಸರ ಕೈಯಲ್ಲಿ ಉಳಿದಿದ್ದ ಅಕ್ಷತೆಯೆಲ್ಲ ಅಲ್ಲೇ ಸುರಿಮಳೆ. ನಾನು ಆ ಗದ್ದಲದಲ್ಲಿ ಬೊರಿವಲಿಯಿಂದ ಬಂದ ಗಂಡಿನ ದೊಡ್ಡಮ್ಮನ ಬಳೆಗಳನ್ನು ನೋಡುತ್ತಿದ್ದೆ. ಬಲಗೈಯವು ಚಿನ್ನದವು, ಎಡಗೈಯವು ಬೇರೆ. ಅಷ್ಟರಲ್ಲಿ ಹೆಣ್ಣಿನ ಅಪ್ಪ ಬಂದು, ಪಂಕ್ತಿಗೆ ಎಲೆ ಹಾಕಿದೆ ಎಂದು ಮಾಸ್ತರರನ್ನು ರಟ್ಟೆ ಹಿಡಿದು ಊಟಕ್ಕೆ ಎಳೆದುಕೊಂಡು ಹೋದರು. ಮಾಸ್ತರರು ಹೋಗುತ್ತ ಹೋಗುತ್ತ ಏನೋ ಕೂಗಿದರು, ವಾಲಗದ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ.

ಅಧಿಕಾರ ಪುರೋಹಿತರ ಕೈಗೆ ಬಂತು. ಅವರು ದುರ್ಬೀನಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು. "ಅರುಂಧತಿ ಕಾಣದವರಿಗೆ ಆಯುಷ್ಯ ಆರೇ ತಿಂಗಳು ಎಂದು ಶಾಸ್ತ್ರ. ಒಬ್ಬೊಬ್ಬರೇ ಬಂದು ನೋಡಿ ಹೇಳಿ."

ಮೊದಲು ಅವರೇ ಬಗ್ಗಿದರು. ಸ್ವಲ್ಪ ಹೆಚ್ಚು ಹೊತ್ತೇ ಬಗ್ಗಿದ್ದರು. ಎದ್ದು, "ದಿವ್ಯ ದರ್ಶನ" ಎಂದರು. ರೋಹಿಣಿ ನೋಡಿ ತಲೆ ತಗ್ಗಿಸಿ "ಕಂಡಿತು" ಎಂದಳು. ಚಂದ್ರ ಕಣ್ಣಿಡುವ ಮೊದಲೇ ಕಂಡಿತು ಎಂದ. ಬೊರಿವಲಿಯ ದೊಡ್ಡಮ್ಮನಿಗೆ ಎರಡಲ್ಲ, ಮೂರು ಕಂಡಿತು. ಮಡಿ ಅಜ್ಜಿ ಹಿತ್ತಾಳೆ ತಾಗದ ಹಾಗೆ ದೂರದಿಂದಲೇ ನೋಡಿ, ಥೇಟು ನಮ್ಮ ಅತ್ತೆಯ ಮೂಗುಬೊಟ್ಟಿನ ಹರಳು ಎಂದರು. ಹವಾಲ್ದಾರನೂ ಊಟಕ್ಕೆ ಬಂದಿದ್ದ. ಏಕ್ ನಂಬರ್ ಎಂದು ಮೀಸೆ ತಿರುವಿದ. ಎದುರು ಬಿಲ್ಡಿಂಗಿನ ಹುಲಿ ಹೆಂಡತಿಯನ್ನು ಮುಂದೆ ಬಿಟ್ಟು, ಕಂಡಿತಾ ಎಂದು ಅವಳನ್ನು ಕೇಳಿ, ಹಾಗಾದರೆ ನನಗೂ ಕಂಡಿತು ಎಂದರು. ಹೀಗೆ ನಲವತ್ತು ಮಂದಿ.

ಅಷ್ಟರಲ್ಲಿ ನಮ್ಮವರು ಬೈರಾಸಿನಲ್ಲಿ ಕೈ ಒರೆಸುತ್ತ ಬಂದು ನನ್ನ ಹಿಂದೆ ನಿಂತರು. ನನ್ನ ಸರದಿ. ಇಪ್ಪತ್ತೈದು ವರ್ಷದ ಮಾತಿಗೆ ಇವತ್ತು ಉತ್ತರ ಎಂದುಕೊಂಡು ಕಣ್ಣಿಟ್ಟೆ.

ಕತ್ತಲೆ. ಬಾವಿಯೊಳಗೆ ಇಣುಕಿದ ಹಾಗೆ ಕತ್ತಲೆ.

ಕಣ್ಣುಜ್ಜಿ ಮತ್ತೆ ನೋಡಿದೆ, ಮತ್ತೂ ಕತ್ತಲೆ. ನಲವತ್ತು ಮಂದಿಗೆ ಕಂಡದ್ದು ನನಗೊಬ್ಬಳಿಗೇ ಇಲ್ಲ. ಆ ಬೇಸಿಗೆಯಲ್ಲಷ್ಟೇ ಎರಡು ಭರಣಿ ಮಿಡಿ ಉಪ್ಪಿನಕಾಯಿ ಹಾಕಿದ್ದೆ. ಅದು ಹದಕ್ಕೆ ಬರುವಾಗ ನಾನಿರುವುದಿಲ್ಲ, ಯಾವಳು ಬಂದು ತಿನ್ನುತ್ತಾಳೋ ಎಂದು ಯೋಚನೆ ಬಂತು. ತಲೆ ತಿರುಗಿದ ಹಾಗಾಗಿ ನಳಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೈ ಜಾರಿ ತುದಿಗೆ ಹೋಯಿತು.

ತುದಿಯಲ್ಲಿ ಗಾಜಿರಲಿಲ್ಲ. ಹಿತ್ತಾಳೆ ಇತ್ತು. ಅಕ್ಷತೆ ಗಾಜಿಗೆ ಬಡಿದೀತು ಎಂದು ಮಾಸ್ತರರು ಮುಚ್ಚಳ ಹಾಕಿಯೇ ಊಟಕ್ಕೆ ಹೋಗಿದ್ದರು.

ನನ್ನ ಜನ್ಮದಲ್ಲಿ ಇಷ್ಟು ದೊಡ್ಡ ಸುದ್ದಿ ನನ್ನ ಕೈಗೆ ಸಿಕ್ಕಿರಲಿಲ್ಲ. ಪುರೋಹಿತರು, ಪೊಲೀಸರು ಸಮೇತ ನಲವತ್ತು ಮಂದಿ ಒಂದೇ ಗಚ್ಚಿಯಲ್ಲಿ. ನಾಲಿಗೆಯ ತುದಿಗೆ ಬಂದಿತ್ತು. ರೋಹಿಣಿಯ ಮುಖ ನೋಡಿದೆ, ಕುಂಕುಮ ಹರಡಿಕೊಂಡು ನಗುತ್ತಿದ್ದಳು. ನುಂಗಿಕೊಂಡೆ.

"ಹೇಳು ಮಾರಾಯ್ತಿ," ಎಂದರು ನಮ್ಮವರು, ಎಲ್ಲರಿಗೂ ಕೇಳುವ ಹಾಗೆ. "ಈಗಲಾದರೂ ಕಂಡದ್ದೋ, ಅರುಂಧತಿ ಕಂಡದ್ದೋ?"

ನಾನು ಪಕ್ಕಕ್ಕೆ ಸರಿದು, ಮೊದಲು ನೀವು ನೋಡಿ, ಆಮೇಲೆ ಇಬ್ಬರೂ ಒಂದೇ ಬಾಯಲ್ಲಿ ಹೇಳುವ ಎಂದೆ.

ಅವರು ಬಗ್ಗಿದರು. ಒಂದು ಕಣ್ಣಿಟ್ಟರು, ಅದನ್ನು ಬಿಟ್ಟು ಇನ್ನೊಂದು ಇಟ್ಟರು. ಪುರೋಹಿತರನ್ನು ಒಮ್ಮೆ ನೋಡಿದರು. ಆಮೇಲೆ ಸೆಟೆದು ನಿಂತರು. "ಚೆನ್ನಾಗಿ ಕಂಡಿತು. ದೊಡ್ಡ ಚುಕ್ಕೆ, ಅದರ ಎಡಕ್ಕೆ ಸಣ್ಣದು. ಸಣ್ಣದು ಸ್ವಲ್ಪ ನೀಲಿ."

"ನೀವು ಕಂಡಷ್ಟೇ ನಾನೂ ಕಂಡೆ" ಎಂದೆ. ಅಷ್ಟು ಸತ್ಯವಾದ ಮಾತನ್ನು ಆ ಸಂಜೆ ಆ ಗಚ್ಚಿಯಲ್ಲಿ ಬೇರೆ ಯಾರೂ ಆಡಲಿಲ್ಲ.

ಎಲ್ಲರೂ ಊಟಕ್ಕೆ ಇಳಿದ ಮೇಲೆ ನಾನೊಬ್ಬಳೇ ಹಿಂದೆ ಉಳಿದು ಮೆಲ್ಲಗೆ ಮುಚ್ಚಳ ತೆಗೆದೆ. ಕಣ್ಣಿಡಬೇಕು ಎನ್ನುವಾಗ ಕೈ ಮೇಲೆ ಒಂದು ಹನಿ ಬಿತ್ತು, ಹಿಂದೆಯೇ ಇನ್ನೊಂದು. ಆ ವರ್ಷದ ಮೊದಲ ಮಳೆ. ಮಾಸ್ತರರು ಊಟದ ಕೈಯಲ್ಲೇ ದುರ್ಬೀನು ಉಳಿಸಲು ಓಡಿಬಂದು, "ಮುಚ್ಚಳ ತಗೀಬ್ಯಾಡ್ರಿ ಅಂತ ಕೂಗಿದ್ನಿ. ಯಾರೂ ನೋಡಿಲ್ಲಲ್ಲ?" ಎಂದರು. ಎಲ್ಲರೂ ನೋಡಿ ಆಯಿತು, ಎಲ್ಲರಿಗೂ ಕಂಡಿತು ಎಂದೆ. ಅವರು ಮಳೆಯಲ್ಲಿ ನಿಂತೇ ನಕ್ಕರು.

ಆ ಮುಚ್ಚಳವನ್ನು ಒಂದು ದಿನದ ಮಟ್ಟಿಗೆ ಅವರಿಂದ ಕೇಳಿ ಪಡೆದುಕೊಂಡೆ.

ಮರುದಿನ ಊಟಕ್ಕೆ ಕೂತಾಗ, ಅಪರೂಪಕ್ಕೆ ನಮ್ಮವರೇ ಒಂದು ಸಮಾಚಾರ ತಂದಿದ್ದರು. ಹೋಟೆಲಿನ ಯಜಮಾನರ ತಮ್ಮನನ್ನು ಯಾರೊಡನೆಯೋ ವಿಲೆ ಪಾರ್ಲೆ ಸ್ಟೇಷನ್ನಿನಲ್ಲಿ ಕಣ್ಣಾರೆ ಕಂಡರಂತೆ. ನಾನು ಎಲ್ಲವನ್ನೂ ಕೇಳಿ ಮುಗಿಸಿ, ಮಜ್ಜಿಗೆ ಬಡಿಸುತ್ತ, ಆ ಹಿತ್ತಾಳೆ ಮುಚ್ಚಳವನ್ನು ಎಲೆಯ ಪಕ್ಕ ಇಟ್ಟೆ.

"ಇದು ಮುಚ್ಚಳ ತೆಗೆದು ಕಂಡದ್ದೋ, ಹಾಕಿ ಕಂಡದ್ದೋ? ನಿನ್ನೆ ನಳಿಗೆಯ ತುದಿಯಲ್ಲಿ ಇದು ಇತ್ತು."

ಅವರು ಮುಚ್ಚಳವನ್ನು ನೋಡಿದರು. ಎಡಗೈಯಲ್ಲಿ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ತೂತೇನಾದರೂ ಇದೆಯೋ ಎಂದು ಪರೀಕ್ಷೆ ಮಾಡಿದರು. ಇರಲಿಲ್ಲ. ಕೆಳಗಿಟ್ಟು ಮಜ್ಜಿಗೆ ಅನ್ನವನ್ನು ನಿಧಾನವಾಗಿ ಕಲಸಿ, ಎರಡು ತುತ್ತು ತಿಂದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು:

"ನೀಲಿ ಅಂದದ್ದು ಸ್ವಲ್ಪ ಹೆಚ್ಚಾಯಿತಾ?"